ಬ್ಲಫಿನಿಂದ ಬಂದ ಕೆನೆಗಲ್ಲು

ನಮ್ಮದು ಮಳವಳ್ಳಿಯಲ್ಲಿ ಕಲ್ಲು ಕೆಲಸದ ಮನೆ. ಒರಳು, ಬೀಸುವ ಕಲ್ಲು, ಹೊಸಿಲುಕಲ್ಲು, ಬಚ್ಚಲಿನ ಹಾಸುಗಲ್ಲು ಎಲ್ಲ ನಮ್ಮ ಅಂಗಳದಲ್ಲಿ ತಯಾರಾಗಿ ಸುತ್ತಲ ಊರುಗಳಿಗೆ ಗಾಡಿಯಲ್ಲಿ ಹೋಗುತ್ತಿದ್ದವು. ಕಲ್ಲು ಎಂದರೆ ನಮಗೆ ಬೂದು ಬಣ್ಣದ್ದು, ಹೆಚ್ಚೆಂದರೆ ಕಪ್ಪು. ಕೆನೆಯ ಬಣ್ಣದ ಕಲ್ಲೂ ಇರುತ್ತದೆ ಎಂದು ನನಗೆ ತಿಳಿದದ್ದು ನನ್ನ ತಮ್ಮನಿಂದ.

ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಮದುವೆಯಾಗಿ ಹೊಳಲಿಗೆ ಹೋದೆ, ಗಂಡ ಬೇಗ ತೀರಿಕೊಂಡ, ತವರಿಗೆ ವಾಪಸು ಬಂದೆ. ಅವ್ವ, ಅಪ್ಪ ಇಬ್ಬರೂ ಹೋದ ಮೇಲೆ ಮನೆಯಲ್ಲಿ ಉಳಿದವರು ನಾನು ಮತ್ತು ತಮ್ಮ. ಅವನಿಗೆ ಸ್ಲೇಟಿನ ಮೇಲೆ ಅಕ್ಷರ ತಿದ್ದಿಸಿದವಳು ನಾನು. ಉಳಿ ಹಿಡಿಯುವಾಗ ಹೆಬ್ಬೆರಳು ಎಲ್ಲಿರಬೇಕೆಂದು ಬೈದು ಹೇಳಿದವಳೂ ನಾನು. ಸೊಪ್ಪಿಗೆ ಉಪ್ಪೆಷ್ಟು ಎನ್ನುವುದರಿಂದ ಹಿಡಿದು ಯಾವ ಬಂಡೆ ಒಡೆಯಬೇಕು ಎನ್ನುವವರೆಗೆ ಮನೆಯಲ್ಲಿ ಕೊನೆಯ ಮಾತು ನನ್ನದು. ತಪ್ಪಾದರೆ ಒಪ್ಪಿಕೊಳ್ಳುವ ಅಭ್ಯಾಸ ನನಗಿರಲಿಲ್ಲ. ತಪ್ಪಾಗುತ್ತದೆ ಎಂದೇ ನಾನು ಅಂದುಕೊಂಡಿರಲಿಲ್ಲ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಗಂಡಸರು ಒರಳು ಕಡೆದು ಮುಗಿಸಿದ ಮೇಲೆ ಅದನ್ನು ಹಾಗೆಯೇ ಕೊಡುತ್ತಿರಲಿಲ್ಲ. ಮನೆಯ ಹೆಣ್ಣು ಹುಣಸೆಹಣ್ಣು ಕಿವುಚಿ, ಅದರ ಗಸಿಯನ್ನು ಕಲ್ಲಿಗೆಲ್ಲ ಬಳಿದು, ತೆಂಗಿನ ನಾರಿನಲ್ಲಿ ತಿಕ್ಕಿ ತೊಳೆದು ಕೊಡಬೇಕು. ಉಳಿಯ ಕಬ್ಬಿಣ ತಾಗಿದ ಕಡೆ ಬೀಳುವ ಕಂದು ಕಲೆ ಅದರಿಂದ ಹೋಗುತ್ತದೆ, ಕಲ್ಲಿನ ಹುಡಿಯೂ ಬಿಡುತ್ತದೆ. ಅವ್ವ ತೊಳೆಯುತ್ತಿದ್ದಳು, ಅವಳ ನಂತರ ನಾನು. ನನ್ನ ಕೈ ತಾಗದ ಕಲ್ಲು ನಮ್ಮ ಹೊಸಿಲು ದಾಟಿದ್ದಿಲ್ಲ ಎಂಬುದು ನನ್ನ ಹೆಮ್ಮೆ.

ತಮ್ಮ ಕೆಲವು ವರ್ಷ ಮೈಸೂರಿನಲ್ಲಿ ಒಬ್ಬ ಮೇಸ್ತ್ರಿಯ ಕೈಕೆಳಗೆ ದುಡಿದ. ದೊಡ್ಡವರ ಬಂಗಲೆಗಳಿಗೆ ನೆಲ ಹಾಸುವ ಕೆಲಸ. ಊರಿಗೆ ಬಂದಾಗಲೆಲ್ಲ ಊಟಕ್ಕೆ ಕೂತು ಮಾರ್ಬಲ್ಲಿನ ಸುದ್ದಿಯೇ. ಅಚ್ಚ ಬಿಳಿಯದು ಉತ್ತರ ದೇಶದಿಂದ ರೈಲಿನಲ್ಲಿ ಬರುತ್ತದಂತೆ. ಕೆನೆ ಬಣ್ಣದ್ದು ಇಟಲಿಯಿಂದ ಹಡಗಿನಲ್ಲಿ ಬರುತ್ತದಂತೆ. ಬಿಳಿಯದನ್ನು ಮೆಟ್ಟಿಲಿಗೆ, ಮೊಗಸಾಲೆಗೆ ಹಾಕುತ್ತಾರೆ. ಜನ ಕೂತು ಮಾತಾಡುವ ಕೋಣೆಗೆ ಕೆನೆ ಬಣ್ಣದ್ದೇ ಆಗಬೇಕು. ಬಿಳಿ ಕಲ್ಲು ಮಧ್ಯಾಹ್ನದ ಬೆಳಕಿಗೆ ಕಣ್ಣು ಕುಕ್ಕುತ್ತದೆ, ಕೆನೆ ಕಲ್ಲು ಬೆಳಕನ್ನು ಸ್ವಲ್ಪ ಕುಡಿದು ಉಳಿದದ್ದನ್ನು ಮೆತ್ತಗೆ ಬಿಡುತ್ತದೆ ಎಂದು ಅವನ ಮೇಸ್ತ್ರಿ ಹೇಳುತ್ತಿದ್ದನಂತೆ. ಆ ಕಲ್ಲಿನೊಳಗೆ ಚಿಪ್ಪಿನ ಗುರುತುಗಳಿರುತ್ತವೆ, ಅದು ಒಂದು ಕಾಲಕ್ಕೆ ಸಮುದ್ರದ ತಳವಾಗಿತ್ತು ಎಂದೂ ಹೇಳಿದ.

"ಸಮುದ್ರದ ತಳ್ದಲ್ಲಿ ಮರಳಿರ್ತದೆ ಕಣ್ಲಾ, ಕಲ್ಲೆಲ್ಲಿಂದ ಬತ್ತದೆ?" ಎಂದೆ.

"ನೀನು ಓಗಿ ನೋಡಿದ್ದೀಯಾ?"

"ನೀನು ನೋಡಿದ್ದೀಯೇನ್ಲಾ? ಉಣ್ಣು, ಸಾರು ಆರೋಯ್ತದೆ."

ಯುದ್ಧ ಶುರುವಾದ ಮೇಲೆ ಇಟಲಿಯ ಹಡಗು ನಿಂತಿತು. ಬಂಗಲೆ ಕಟ್ಟಿಸುವವರೂ ಕೈ ಬಿಗಿಹಿಡಿದರು. ತಮ್ಮ ಊರಿಗೆ ಬಂದು ಮತ್ತೆ ಒರಳಿನ ಮುಂದೆ ಕೂತ. ಕೆಲಸ ಚೆನ್ನಾಗಿಯೇ ಮಾಡುತ್ತಿದ್ದ, ಆದರೆ ಆಗಾಗ ಉಳಿ ನಿಲ್ಲಿಸಿ ಅಂಗೈಯಿಂದ ಬೂದುಗಲ್ಲನ್ನು ಸವರಿ ನೋಡುತ್ತಿದ್ದ. ಅವನಿಗೆ ನುಣುಪಿನ ಹಸಿವು ಇತ್ತು.

ಒಂದು ದಿನ, ಹೊಳೆಯ ನೀರಿನಿಂದ ಕರೆಂಟು ತೆಗೆಯುವ ಬ್ಲಫ್ ಎಂಬ ಹತ್ತಿರದ ಊರಿನ ಕರೆಂಟು ಮನೆಯಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯನೊಬ್ಬ ಸುದ್ದಿ ತಂದ. ಅಲ್ಲಿ ಹಳೆಯ ಸ್ವಿಚ್ಚು ಬೋರ್ಡು ತೆಗೆದು ಹೊಸದು ಹಾಕಿದ್ದಾರೆ. ಹಳೆಯದೆಲ್ಲ ಮಾರ್ಬಲ್ಲಿನದು. ಕರೆಂಟು ಕಲ್ಲಿನಲ್ಲಿ ಹರಿಯುವುದಿಲ್ಲವಾದ್ದರಿಂದ ಆಗಿನ ಕಾಲಕ್ಕೆ ದಪ್ಪ ಹಲಗೆಗಳನ್ನು ಗೋಡೆಯಂತೆ ನಿಲ್ಲಿಸಿ, ಅದಕ್ಕೆ ತಾಮ್ರದ ಪಟ್ಟಿ, ಹಿಡಿಗಳನ್ನು ಬೋಲ್ಟು ಹಾಕಿ ಬಿಗಿಯುತ್ತಿದ್ದರಂತೆ. ಈಗ ಆ ಹಲಗೆಗಳು ಹೊರಗೆ ಬಿಸಿಲಲ್ಲಿ ಬಿದ್ದಿವೆ, ಬೇಕಾದವರು ಕೊಂಡುಹೋಗಬಹುದು. ತಮ್ಮ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದ.

ಗಾಡಿ ಬಂದಾಗ ಬೀದಿಯೇ ನೆರೆಯಿತು. ಎಣ್ಣೆ, ಧೂಳು ಹತ್ತಿ ಹಲಗೆಗಳು ಕೊಳಕಾಗಿದ್ದವು. ಮೈತುಂಬ ಬೋಲ್ಟಿನ ತೂತು. ಎದುರುಮನೆಯ ಮಾವ ದೂರದಲ್ಲೇ ನಿಂತು ಕೇಳಿದ:

"ಏನ್ಲಾ ಇದು? ಮುಟ್ಟುದ್ರೆ ಕರೆಂಟ್ ಒಡೀತದಾ?"

"ಒಡೀತದೆ ಮಾವ. ಬಾ, ನಿನ್ನೇ ಕಾಯ್ತಾ ಅದೆ," ಎಂದ ತಮ್ಮ.

ಮಾವ ಒಣಗಿದ ಕಬ್ಬಿನ ಜಲ್ಲೆಯೊಂದನ್ನು ಚಾಚಿ ಕಲ್ಲನ್ನು ತಿವಿದು ನೋಡಿ, ಏನೂ ಆಗದ್ದಕ್ಕೆ ಬೇಸರವಾದವನಂತೆ ಹೋದ. ತಮ್ಮ ಒಂದು ಮೂಲೆಗೆ ನೀರು ಹಾಕಿ ಸಾಣೆಕಲ್ಲಿನಿಂದ ಉಜ್ಜಿದ. ಕೊಳಕು ಇಳಿಯಿತು. ಅದರಡಿಯಿಂದ, ಕಾಯಿಸಿದ ಹಾಲಿನ ಮೇಲಿನ ಕೆನೆಯ ಬಣ್ಣ ಬಂತು, ಅದರಲ್ಲಿ ಜೇನಿನಂಥ ಸಣ್ಣ ಸಣ್ಣ ಗೆರೆ.

"ನೋಡಕ್ಕ, ಇದು ಕಲ್ಲಲ್ಲ, ಕೆನೆ."

"ಕೆನೆಯಾದ್ರೆ ಕಡ್ದು ಬೆಣ್ಣೆ ತೆಗಿ ಓಗ್ಲಾ," ಎಂದೆ. ಆದರೆ ಅವತ್ತಿನಿಂದ ಮನೆಯಲ್ಲಿ ಅದಕ್ಕೆ ಕೆನೆಗಲ್ಲು ಎಂದೇ ಹೆಸರಾಯಿತು.

ಹಲಗೆಗಳು ನೆಲಕ್ಕೆ ಹಾಸಲು ಬಹಳ ದಪ್ಪವಿದ್ದವು. ಒಂದನ್ನು ಎರಡಾಗಿ ಸೀಳಬೇಕು. ಗರಗಸವೆಂದರೆ ಹಲ್ಲಿಲ್ಲದ ಉದ್ದನೆಯ ಕಬ್ಬಿಣದ ಪಟ್ಟಿ, ಎರಡೂ ತುದಿಗೆ ಮರದ ಹಿಡಿ. ಕಲ್ಲಿನ ಸೀಳಿಗೆ ಒದ್ದೆ ಮರಳು ಹಾಕುತ್ತ ಎಳೆದಾಡಬೇಕು. ಕಲ್ಲನ್ನು ಕುಯ್ಯುವುದು ಮರಳು, ಪಟ್ಟಿ ಅದನ್ನು ಓಡಾಡಿಸುತ್ತದೆ ಅಷ್ಟೆ. ಒಂದು ತುದಿಗೆ ತಮ್ಮ, ಇನ್ನೊಂದು ತುದಿಗೆ ನಾನು. ಬೆಳಿಗ್ಗೆ ರಾಗಿ ಗಂಜಿ ಕುಡಿದು ಹುಣಸೆಮರದ ನೆರಳಲ್ಲಿ ಕೂತರೆ ಬಿಸಿಲು ಕಾಲ ಬಳಿ ಬರುವವರೆಗೂ ಎಳೆಯುವುದು. ನನ್ನ ಬದುಕಿನಲ್ಲಿ ನೆಮ್ಮದಿಯ ದಿನಗಳು ಯಾವುವು ಎಂದು ಯಾರಾದರೂ ಕೇಳಿದರೆ ನಾನು ಆ ದಿನಗಳನ್ನೇ ಹೇಳುತ್ತೇನೆ. ಗಂಡ ಹೋದ ಹೆಣ್ಣಿಗೆ ಊರಲ್ಲಿ ಮಾಡಲು ಹೆಚ್ಚು ಕೆಲಸವಿರುವುದಿಲ್ಲ. ನನಗಿತ್ತು. ನಾನು ಎಳೆದಷ್ಟು ಅವನು ಬಿಡಬೇಕು, ಅವನು ಎಳೆದಷ್ಟು ನಾನು ಬಿಡಬೇಕು. ಮಾತು ಬೇಕಾಗುತ್ತಿರಲಿಲ್ಲ.

ಒಮ್ಮೆ ಸೀಳಿದ ಹಲಗೆ ಎರಡಾಗಿ ತೆರೆದಾಗ ಒಳಗೆ ನನ್ನ ಕಿರುಬೆರಳಿನ ಉಗುರಿನಷ್ಟು ಒಂದು ಸುರುಳಿ ಚಿಪ್ಪಿನ ಗುರುತು ಕಂಡಿತು. ತಮ್ಮ ಅದರ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದ. "ಊಂ, ಇರ್ಬೌದು ಬುಡು," ಎಂದೆ. ನಾನು ಅವನ ಮುಂದೆ ಸೋತದ್ದು ಅದೇ ಮೊದಲು, ಅದೂ ಅರ್ಧ.

ಊರಿನ ರೇಷ್ಮೆ ವ್ಯಾಪಾರದ ಸಾಬರು ಆಗ ಮನೆ ಹೊಸದು ಮಾಡಿಸುತ್ತಿದ್ದರು. ಯುದ್ಧದ ಕಾಲಕ್ಕೆ ರೇಷ್ಮೆಗೆ ಬೇಡಿಕೆ ಬಂದಿತ್ತು, ಮಗಳ ಮದುವೆಯೂ ಗೊತ್ತಾಗಿತ್ತು. ಮುಂದಿನ ಹಜಾರಕ್ಕೆ ಕೆನೆಗಲ್ಲು ಹಾಸುವ ಮಾತಾಯಿತು. ಕೆಲಸ ಒಪ್ಪಿಸಲು ನಮ್ಮ ಅಂಗಳಕ್ಕೆ ಬಂದ ದಿನ ಸಾಬರು ನನ್ನನ್ನೇ ಕೇಳಿದರು:

"ಏನಮ್ಮ, ನಿಮ್ಮ ತಮ್ಮ ನಮ್ಮನೇಲಿ ಬೆಳದಿಂಗಳು ಹಾಸ್ತೀನಿ ಅಂತಾನೆ. ನಂಬಬೌದಾ?"

"ಆಸ್ತಾನೆ ಬುಡಿ ಸಾಬ್ರೇ. ನಾನಿದ್ದೀನಿ," ಎಂದೆ.

ಬೋಲ್ಟಿನ ತೂತುಗಳನ್ನು ಏನು ಮಾಡುವುದು ಎಂದು ನನಗೆ ಯೋಚನೆಯಾಗಿತ್ತು. ತಮ್ಮ ನಮ್ಮದೇ ಕಪ್ಪುಕಲ್ಲಿನಿಂದ ಗುಂಡಗಿನ ಬಿರಡೆಗಳನ್ನು ಕಡೆದು, ಒಂದೊಂದು ತೂತಿಗೂ ಅರಗಿನಲ್ಲಿ ಕೂರಿಸಿ, ಮೇಲೆ ಸಮನಾಗಿ ಉಜ್ಜಿದ. ಹಲಗೆಗಳನ್ನು ತಿರುಗಿಸಿ ಮುರುಗಿಸಿ ಜೋಡಿಸಿದಾಗ ಆ ಕಪ್ಪು ಬೊಟ್ಟುಗಳು ತಾವಾಗಿಯೇ ಸಾಲು ಹಿಡಿದು ನಿಂತವು. ಗೋಡೆಯ ಸುತ್ತ ಕಪ್ಪುಕಲ್ಲಿನದೇ ಅಂಚು. ಗೋಡೆಗೆ ಸುಣ್ಣದ ಬಿಳಿ ಬೇಡ, ಸ್ವಲ್ಪ ಹಸಿರು ಬೆರೆಸಿ ಎಂದು ಸಾಬರಿಗೆ ಹೇಳಿದ. ಹಾಗೆಯೇ ಮಾಡಿಸಿದರು. ಕಿಟಕಿ ತೆರೆದರೆ ಬೆಳಕು ಒಳಗೆ ಬಂದು, ನೆಲದ ಮೇಲೆ ಒಂದಿಷ್ಟು ಹೊತ್ತು ಕೂತು, ಆಮೇಲೆ ಗೋಡೆಗೆ ಹೋಗುತ್ತಿತ್ತು. ಸಾಬರ ಮುದಿತಾಯಿ, ನಾವೆಲ್ಲ ಬೂವಮ್ಮ ಎನ್ನುತ್ತಿದ್ದೆವು, ಬರಿಗಾಲಲ್ಲಿ ಒಂದು ಸುತ್ತು ನಡೆದು, "ನಮ್ಮ ಮನೆ ಅಂತ ಅನ್ನಿಸೋದೇ ಇಲ್ಲ, ಕಾಲಿಗೆ ಇಷ್ಟು ತಂಪು," ಎಂದಳು.

ಮದುವೆಗೆ ಎರಡು ದಿನ ಇರುವಾಗ ತಮ್ಮ ಏನೋ ಸಾಮಾನಿಗೆಂದು ಮಂಡ್ಯಕ್ಕೆ ಹೊರಟ. ಹೊರಡುವಾಗ ಹೇಳಿದ: "ಗೋಡೆ ಸುಣ್ಣ ಅಲ್ಲಲ್ಲಿ ಸಿಡ್ದದೆ ಅಕ್ಕ. ಬರೀ ನೀರಾಕಿ ಮೆತ್ನೆ ಬಟ್ಟೇಲಿ ಒರ್ಸು. ಇನ್ನೇನೂ ಬ್ಯಾಡ ಅಂತಿದ್ದ ನಮ್ ಮೇಸ್ತ್ರಿ, ಯಾಕೋ ಗೊತ್ತಿಲ್ಲ."

ಬರೀ ನೀರಿಗೆ ಸುಣ್ಣದ ಸಿಡಿತ ಹೋಗಲಿಲ್ಲ. ಅದೊಂದೇ ಕಾರಣ ಎಂದರೆ ಸುಳ್ಳಾಗುತ್ತದೆ. ಇಷ್ಟು ಒಳ್ಳೆಯ ಕಲ್ಲು ನನ್ನ ಕೈಯಲ್ಲಿ ತೊಳೆಸಿಕೊಳ್ಳದೆ ಹೇಗೆ ಹೋಗುವುದು ಎಂಬುದು ನನ್ನ ಮನಸ್ಸಿನಲ್ಲಿತ್ತು. ಅವ್ವ ಇದ್ದಿದ್ದರೆ ಬಿಡುತ್ತಿದ್ದಳೇ? ಒಳಗೆ ಹೋಗಿ ಬೂವಮ್ಮನನ್ನು ಹುಣಸೆಹಣ್ಣು ಕೇಳಿದೆ. ಆಕೆ ಬೊಗಸೆ ತುಂಬ ಕೊಟ್ಟಳು. ಹಜಾರದ ನಡುವೆ ಕುಕ್ಕರಗಾಲಲ್ಲಿ ಕೂತು, ಗಸಿ ಬಳಿದು, ಸ್ವಲ್ಪ ನೆನೆಯಲು ಬಿಟ್ಟು ತಿಕ್ಕಿದೆ. ಮುಂದೆ ಸರಿದು ಮತ್ತೆ ತಿಕ್ಕಿದೆ. ಸುಣ್ಣ ಎಲ್ಲ ಹೋಯಿತು. ನೀರು ಹುಯ್ದಾಗ ನೆಲ ಹೊಳೆಯಿತು. ಒಣಗುವ ಮೊದಲೇ ಆಳುಗಳು ಬಂದು ಜಮಖಾನ ಹಾಸಿದರು.

ಮದುವೆ ಮುಗಿದು ಜಮಖಾನ ಎತ್ತಿದ ದಿನ ನಮಗೆ ಕರೆ ಬಂತು. ನೆಲದ ಮೇಲೆ ಅಲ್ಲಲ್ಲಿ ಹೊಳಪು ಸತ್ತಿತ್ತು. ಒಡೆದ ಹಾಲಿನ ಹಾಗೆ ಮಂಕು ಮಂಕು. ಮದುವೆಗೆ ಬಂದು ಉಳಿದಿದ್ದ ನೆಂಟರೊಬ್ಬರು ಅಂದರು: "ಇಷ್ಟು ವರ್ಷ ಕರೆಂಟು ಹೊತ್ತ ಕಲ್ಲಪ್ಪಾ ಇದು. ಒಳಗಿನ ಸತ್ವ ಎಲ್ಲ ಅದೇ ತಿಂದುಬಿಟ್ಟದೆ. ಮೇಲೆ ಮೇಲೆ ಹೊಳಪು ಕೊಟ್ರೆ ಎಷ್ಟು ದಿನ ಬರ್ತದೆ?"

ತಮ್ಮ ಮಂಡಿಯೂರಿ ಕೂತು ಮಂಕಾದ ಕಡೆ ಕೈಯಾಡಿಸಿದ. ನಾನು ನಿಂತೇ ನೋಡಿದೆ. ಮಂಕಿಗೆ ಒಂದು ಆಕಾರವಿತ್ತು. ಅರ್ಧಚಂದ್ರ, ಅದರ ಪಕ್ಕಕ್ಕೆ ಇನ್ನೊಂದು ಅರ್ಧಚಂದ್ರ. ಕುಕ್ಕರಗಾಲಲ್ಲಿ ಕೂತ ಹೆಂಗಸಿನ ಬಲಗೈ ಎಲ್ಲಿಯವರೆಗೆ ಎಟುಕುತ್ತದೋ ಅಲ್ಲಿಯವರೆಗೆ. ನನ್ನ ಕೈಯ ಅಳತೆ ನನಗೆ ಗುರುತು ಸಿಕ್ಕಿತು.

"ತೊಳ್ದಿದ್ದು ಬರೀ ನೀರಲ್ಲೇ ಅಲ್ವಾ ಅಕ್ಕ?" ಎಂದು ತಮ್ಮ ತಲೆಯೆತ್ತಿ ಕೇಳಿದ.

"ಇನ್ಯಾತ್ರಲ್ಲಿ ತೊಳೀತಾರ್ಲಾ?" ಎಂದೆ.

ಇಷ್ಟೇ ನನ್ನ ತಪ್ಪು. ಹುಣಸೆಹಣ್ಣು ತಪ್ಪಲ್ಲ, ಅದು ಗೊತ್ತಿಲ್ಲದೆ ಆದದ್ದು. ಗೊತ್ತಾದ ಮೇಲೆ ಆಡಿದ ಈ ಒಂದು ಮಾತು ನನ್ನನ್ನು ಇಷ್ಟು ವರ್ಷ ಬಿಟ್ಟಿಲ್ಲ. ಅವನು ನನ್ನನ್ನು ಅನುಮಾನಿಸಲಿಲ್ಲ. ನನ್ನನ್ನು ಅನುಮಾನಿಸುವುದನ್ನು ನಾನು ಅವನಿಗೆ ಕಲಿಸಿರಲಿಲ್ಲ. ಅದರ ಬದಲು ಅವನು ಕಲ್ಲನ್ನು ಅನುಮಾನಿಸಿದ.

ದಾರಿಯಲ್ಲಿ, "ಕರೆಂಟೇ ತಿಂದಿರ್ಬೇಕು ಕಣಕ್ಕ," ಎಂದ. ನಾನು ಸೆರಗು ಸರಿಮಾಡಿಕೊಂಡೆ.

ತಮ್ಮ ಮತ್ತೆ ಉಜ್ಜಿಕೊಡುತ್ತೇನೆ ಎಂದರೂ ಸಾಬರು, ಸತ್ತ ಕಲ್ಲನ್ನು ಎಷ್ಟು ಉಜ್ಜಿದರೇನು, ಜಮಖಾನ ಇದೆಯಲ್ಲ ಎಂದು ಬಿಟ್ಟರು. ತಮ್ಮ ಒರಳಿಗೆ ಮರಳಿದ. ಬೀದಿಯಲ್ಲಿ ಅವನಿಗೆ ಕರೆಂಟು ಮೇಸ್ತ್ರಿ ಎಂದು ಹೆಸರಾಯಿತು, ಅವನೂ ನಗುತ್ತಿದ್ದ. ಮಂಡ್ಯದಲ್ಲಿ ಮನೆ ಕಟ್ಟಿಸುತ್ತಿದ್ದ ಒಬ್ಬ ಮೇಷ್ಟ್ರು ದೇವರ ಕೋಣೆಗೆ ಕೆನೆಗಲ್ಲು ಬೇಕೆಂದು ಕೇಳಿಕೊಂಡು ಬಂದರು. "ಆ ಕಲ್ಲು ಬಾಳಾಕಿಲ್ಲ, ನಿಮ್ಗೆ ಮೋಸ ಮಾಡಾಕೆ ನಂಗಿಷ್ಟ ಇಲ್ಲ," ಎಂದು ತಮ್ಮ ಉತ್ತರ ಕೊಟ್ಟ. ನಾನು ಒಳಗೆ ರೊಟ್ಟಿ ತಟ್ಟುತ್ತ ಕೇಳಿಸಿಕೊಂಡೆ. ಎದ್ದು ಹೊರಗೆ ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ರೊಟ್ಟಿ ಸೀದುಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಉಳಿದ ಹಲಗೆಗಳು ಹಿತ್ತಿಲ ಗೋಡೆಗೆ ಒರಗಿ ನಿಂತಿದ್ದವು. ಮದ್ದೂರಿನ ಹೋಟೆಲಿನವರೊಬ್ಬರು ರುಬ್ಬುವ ಕಲ್ಲಿಗೆಂದು ಬಂದವರು ಅವನ್ನು ನೋಡಿ, ಮೇಜಿಗೆ ಆಗುತ್ತದೆ, ಕೊಡು ಎಂದರು. ಸತ್ತ ಕಲ್ಲು ಎಂದು ಅವರಿಗೂ ಹೇಳಿಯೇ, ಕೇಳಿದಷ್ಟಕ್ಕೆ ತಮ್ಮ ಎಲ್ಲವನ್ನೂ ಕೊಟ್ಟುಬಿಟ್ಟ. ಗಾಡಿ ಹೋದ ಮೇಲೆ ಗೋಡೆಯ ಬುಡದಲ್ಲಿ ಹುಲ್ಲು ಬೆಳೆಯದ ಬಿಳಿ ಜಾಗ ಬಹಳ ದಿನ ಹಾಗೇ ಇತ್ತು.

ಮುಂದಿನ ಬೇಸಿಗೆಯಲ್ಲಿ ಆ ಹೋಟೆಲಿಗೇ ಇನ್ನೊಂದು ರುಬ್ಬುವ ಕಲ್ಲು ಕೂರಿಸಲು ಇಬ್ಬರೂ ಮದ್ದೂರಿಗೆ ಹೋದೆವು. ಕೆಲಸ ಮುಗಿದ ಮೇಲೆ ಹೋಟೆಲಿನವರು ಇಡ್ಲಿ ಕೊಟ್ಟು ಕೂರಿಸಿದರು. ನಮ್ಮ ಹಲಗೆಗಳೇ ಮೇಜಾಗಿ ಸಾಲಾಗಿ ನಿಂತಿದ್ದವು. ಕಪ್ಪು ಬಿರಡೆ ಹಾಕುವವರಿಲ್ಲದೆ ತೂತುಗಳಿಗೆ ಸಿಮೆಂಟು ಮೆತ್ತಿದ್ದರು. ತಮ್ಮ ಇಡ್ಲಿ ಮುರಿಯುತ್ತಿದ್ದವನು ನಿಲ್ಲಿಸಿದ. ಸಾಂಬಾರಿನ ಬಟ್ಟಲು ಇಡುವ ಕಡೆ ಮಂಕಾದ ಬಳೆಯಂಥ ಗುರುತು. ಎಲ್ಲ ಮೇಜಿನಲ್ಲೂ, ಕೂರುವವರ ಮುಂದೆಯೇ. ಮೇಜಿನ ನಡುಭಾಗದಲ್ಲಿ ಕಲ್ಲು ಕನ್ನಡಿಯ ಹಾಗಿತ್ತು.

"ಇದೇನ್ ಸ್ವಾಮಿ, ಇಲ್ಮಾತ್ರ ಇಂಗಾಗದೆ?"

"ಸಾಂಬಾರ್ ಬಿದ್ ಕಡೆ ಅಂಗೇ ಕಣಯ್ಯ. ನಿಂಬೆಹಣ್ಣಿನ ಶರಬತ್ತು ಬಿದ್ರಂತೂ ಆವತ್ತೇ ಗುರುತು," ಎಂದರು ಹೋಟೆಲಿನವರು.

ತಮ್ಮ ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಆ ಕೆನೆಗಲ್ಲು ಮೊದಲ ಸಲ ಬೆಳಗಿದ ದಿನ ಮಾತ್ರ ಕಂಡಿದ್ದೆ.

"ಕರೆಂಟಲ್ಲ ಕಣಕ್ಕ, ಸಾರಿನ್ ಉಳಿ. ಕಲ್ಲು ಚೆನ್ನಾಗೇ ಅದೆ. ಮದ್ವೆ ಊಟ್ದಲ್ಲಿ ಯಾರೋ ಉಳಿ ಚೆಲ್ಲವ್ರೆ, ಅಷ್ಟೆಯ."

ಪೆಟ್ರೋಲು ಸಿಗದ ಕಾಲ, ಇದ್ದಿಲು ಗ್ಯಾಸಿನಿಂದ ಓಡುವ ಬಸ್ಸಿನಲ್ಲಿ ಮಳವಳ್ಳಿಗೆ ವಾಪಸು ಬಂದೆವು. ಏರಿನಲ್ಲಿ ಬಸ್ಸು ನಿಂತು ಗಂಡಸರೆಲ್ಲ ಇಳಿದು ತಳ್ಳಿದರು. ತಮ್ಮ ಎಲ್ಲರಿಗಿಂತ ಮುಂದೆ ನಿಂತು, ಪಕ್ಕದವನಿಗೆ ಮಾರ್ಬಲ್ಲಿಗೂ ಹುಳಿಗೂ ಆಗದು ಎಂದು ಹೇಳುತ್ತ ತಳ್ಳುತ್ತಿದ್ದ. ನಾನು ಕಿಟಕಿಯಿಂದ ಅವನ ಬಗ್ಗಿದ ಬೆನ್ನು ನೋಡುತ್ತಿದ್ದೆ. ಹೇಳಬೇಕೆಂದು ಬಾಯಿಯವರೆಗೂ ಬಂತು. ಅವನು ವಾಪಸು ಬಂದು ಪಕ್ಕದಲ್ಲಿ ಕೂತು ಬೆವರು ಒರೆಸಿಕೊಂಡಾಗ, "ನೀರ್ ಕುಡೀತೀಯೇನ್ಲಾ?" ಎಂದಷ್ಟೇ ಕೇಳಿದೆ.

ಮರುದಿನ ಸಾಣೆಕಲ್ಲು, ಹೊಳಪು ಕೊಡುವ ಪುಡಿ ಕಟ್ಟಿಕೊಂಡು ಸಾಬರ ಮನೆಗೆ ಹೊರಟ. ನೀರು ಹುಯ್ಯಲು ನಾನು ಹೋಗಲೇಬೇಕು. ಸಾಬರು ಜಮಖಾನ ತೆಗೆಸಿದರು. ತಮ್ಮ ವಿವರಿಸಿದ: ಕಲ್ಲಿನದು ತಪ್ಪಿಲ್ಲ, ಊಟದ ಹುಳಿ ಬಿದ್ದದ್ದು, ಉಜ್ಜಿದರೆ ಮೊದಲಿನಂತಾಗುತ್ತದೆ. ಸಾಬರು ಯೋಚಿಸಿ, "ಊಟ ಹಿತ್ತಿಲ ಚಪ್ಪರದಲ್ಲಿ ಹಾಕಿದ್ದಲ್ಲಪ್ಪಾ. ಇಲ್ಲಿ ಯಾರೂ ಉಂಡಿಲ್ಲ," ಎಂದರು.

ಬಾಗಿಲ ಬಳಿ ಮಣೆಯ ಮೇಲೆ ಕೂತಿದ್ದ ಬೂವಮ್ಮ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದಳು.

"ಊಟದ್ದಲ್ಲ ಮಗಾ. ನಿಮ್ಮಕ್ಕನೇ ಹುಣಸೆಹಣ್ಣು ಹಾಕಿ ತೊಳೆದಳಲ್ಲ. ನಾನೇ ಕೊಟ್ಟೆ, ಬೊಗಸೆ ತುಂಬ." ಆಮೇಲೆ ನನ್ನ ಕಡೆ ನೋಡಿ, "ಯಾಕಮ್ಮ, ಹೇಳಿಲ್ವಾ?" ಎಂದಳು. ಆಕೆಗೆ ನನ್ನನ್ನು ಸಿಕ್ಕಿಸುವ ಉದ್ದೇಶವಿರಲಿಲ್ಲ. ನಾನು ಹೇಳಿರುತ್ತೇನೆ ಎಂದೇ ಆಕೆ ಇಷ್ಟು ದಿನ ತಿಳಿದಿದ್ದಳು.

ನನ್ನ ಕೈಯಲ್ಲಿ ನೀರಿನ ಬಿಂದಿಗೆ ಇತ್ತು. ಅದನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ತಮ್ಮ ನನ್ನನ್ನು ನೋಡಲಿಲ್ಲ, ನೆಲವನ್ನು ನೋಡಿದ. ಆ ಅರ್ಧಚಂದ್ರಗಳನ್ನು ಒಂದರಿಂದ ಇನ್ನೊಂದಕ್ಕೆ ಕಣ್ಣಲ್ಲೇ ಹಿಡಿದುಕೊಂಡು ಹೋದ. ಈಗ ಅವನಿಗೂ ಅದರ ಆಕಾರ ಕಂಡಿತು.

"ಮಂಡ್ಯದ ಮೇಷ್ಟ್ರು ಬಂದಾಗ್ಲೂ ಗೊತ್ತಿತ್ತಾ?" ಎಂದು ಮೆಲ್ಲಗೆ ಕೇಳಿದ.

"ಗೊತ್ತಿತ್ತು."

"ಓಟ್ಲಿನವ್ರು ಕಲ್ ತಕ್ಕಂಡೋದಾಗ?"

"ಗೊತ್ತಿತ್ತು ಕಣಪ್ಪ."

ಅವನು ಗಂಟು ಬಿಚ್ಚಿದ. ಒರಟು ಸಾಣೆಕಲ್ಲನ್ನು ತಾನು ಇಟ್ಟುಕೊಂಡು ಇನ್ನೊಂದನ್ನು ನನ್ನ ಮುಂದೆ ಹಾಕಿದ.

"ಕುಂತ್ಕೊ. ಅವತ್ತು ಎಲ್ಲೆಲ್ ಕುಂತಿದ್ದೋ ಅಲ್ಲಲ್ಲೇ ಕುಂತ್ಕೊಂಡು ತಿಕ್ಕು. ನಿನ್ ಕೈ ಎಲ್ಗಂಟ ಓಗಿತ್ತು ಅಂತ ನಿಂಗೇ ಗೊತ್ತು."

ಸಾಬರು ಮುಖ ಆಚೆ ತಿರುಗಿಸಿ ನಕ್ಕರು. ನಾನು ಕೂತೆ. ಅವನು ಮುಂದೆ, ನಾನು ಹಿಂದೆ, ಒಂದೊಂದೇ ಅರ್ಧಚಂದ್ರವನ್ನು ಅಳಿಸುತ್ತ ಹೋದೆವು. ಬೂವಮ್ಮ ಈ ತಪ್ಪಿನಲ್ಲಿ ತಾನೂ ಪಾಲುದಾರಳು ಎಂದು ಮಜ್ಜಿಗೆ ತಂದಳು. ತಮ್ಮ, "ಅದ್ನ ಒಳಗೇ ಮಡ್ಗವ್ವ, ಅದೂ ಉಳಿಯೇ," ಎಂದು ಎದ್ದು ಅಂಗಳಕ್ಕೆ ಹೋಗಿ ಕುಡಿದು ಬಂದ. ಕೆಲವು ದಿನಗಳ ಕೆಲಸವಾಯಿತು. ಕೊನೆಯ ದಿನ ಒದ್ದೆ ಬಟ್ಟೆಯಲ್ಲಿ ಪುಡಿ ಹಚ್ಚಿ ತಿರುವಿದಾಗ ಕೆನೆ ಮತ್ತೆ ಮೇಲೆ ಬಂತು, ಕಿಟಕಿಯ ಬೆಳಕು ಮೊದಲಿನಂತೆ ಬಂದು ಅದರ ಮೇಲೆ ಕೂತಿತು.

ನೆಲ ಸರಿಹೋಯಿತು, ಆದರೆ ಹಾಸಲು ಕಲ್ಲು ಉಳಿದಿರಲಿಲ್ಲ. ಮಂಡ್ಯದ ಮೇಷ್ಟ್ರು ದೇವರ ಕೋಣೆಗೆ ಕೆಂಪು ಗಾರೆ ಹಾಕಿಸಿಬಿಟ್ಟಿದ್ದರು. ಬ್ಲಫಿನಲ್ಲಿಯೂ ಹಲಗೆ ಖಾಲಿಯಾಗಿತ್ತು. ತಮ್ಮ ವರ್ಷಕ್ಕೊಮ್ಮೆ ಮದ್ದೂರಿಗೆ ಹೋಗಿ ಹೋಟೆಲಿನ ಮೇಜುಗಳನ್ನು ಉಜ್ಜಿ, ಪ್ರತಿ ಸಲವೂ ಒಂದಿಷ್ಟು ತೂತಿನ ಸಿಮೆಂಟು ಕಿತ್ತು ಕಪ್ಪು ಬಿರಡೆ ಕೂರಿಸಿ ಬರುತ್ತಿದ್ದ. ಅದನ್ನು ನೋಡಿದ ಕ್ಷೌರದಂಗಡಿಯವನೊಬ್ಬ, ಬಟ್ಟೆಯಂಗಡಿಯವನೊಬ್ಬ, ಹೀಗೆ ಅಲ್ಲಿ ಇಲ್ಲಿ ಚೂರುಪಾರು ಕೆಲಸ ಹೇಳಿದರು. ಅವನು ಬಯಸಿದಷ್ಟು ಸಿಗಲಿಲ್ಲ, ಸಿಕ್ಕಿದ್ದರಲ್ಲಿ ಸಂತೋಷವಾಗಿಯೇ ಇದ್ದ. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಅವನ ಮದುವೆಯಾಯಿತು. ಸಾಬರು ತಮ್ಮ ಹಜಾರದಲ್ಲಿಯೇ ಗಂಡಿನ ಕಡೆಯವರನ್ನೆಲ್ಲ ಕೂರಿಸಿ ಶರಬತ್ತು ಕೊಟ್ಟರು. ತಮ್ಮ ಎಲ್ಲರ ಲೋಟವನ್ನೂ ಕಣ್ಣಲ್ಲೇ ಕಾಯುತ್ತಿದ್ದುದನ್ನು ಕಂಡು ನಾನು ನಕ್ಕೆ, ಅವನೂ ನಕ್ಕ.

ಬೂವಮ್ಮ ಬಾಯಿ ಬಿಡದೆ ಇದ್ದಿದ್ದರೆ ನಾನಾಗಿ ಹೇಳುತ್ತಿದ್ದೆನೇ? ಹೇಳುತ್ತಿದ್ದೆ ಎಂದು ಬರೆಯಲು ಹೊರಟರೆ ಕೈ ನಿಲ್ಲುತ್ತದೆ. ಅವನು ಆ ಪ್ರಶ್ನೆಯನ್ನು ನನಗೆ ಯಾವತ್ತೂ ಕೇಳಲಿಲ್ಲ. ಬೂದುಗಲ್ಲಿನ ಒರಳು ಮುಗಿದ ದಿನ ಮೊದಲಿನಂತೆ, "ಅಕ್ಕ, ಬಂದು ತೊಳಿ," ಎಂದು ಕರೆದು ಹುಣಸೆಹಣ್ಣು ತಂದಿಡುತ್ತಿದ್ದ. ಅಪರೂಪಕ್ಕೆ ಕೆನೆಗಲ್ಲಿನ ಚೂರೊಂದು ಕೈಗೆ ಬಂದು ಕೆಲಸ ಮುಗಿದಾಗಲೂ ನನ್ನನ್ನೇ ಕರೆಯುತ್ತಿದ್ದ. ಆಗ ಮಾತ್ರ ಬಿಂದಿಗೆಯನ್ನು ತಾನೇ ತುಂಬಿ ತಂದು, ನಾನು ಒರೆಸಿ ಮುಗಿಸುವವರೆಗೂ ಪಕ್ಕದಲ್ಲಿ ಕೂತಿರುತ್ತಿದ್ದ.